ಅಳಿಯನಾಗುವವನ ಬಲಗೈ

ಹಡಪಸರ, ಪುಣೆ
29 ಮೇ 2003, ಗುರುವಾರ

ನನ್ನ ಶೀತಲಾ, ನನ್ನ ಹೊಟ್ಟೆಯ ಬೆಳಕೇ,

ಮೊದಲು ಒಂದು ಲೋಟ ನೀರು ಕುಡಿ. ಕಾಲು ಚಾಚಿ ಗೋಡೆಗೆ ಒರಗಿ ಕೂಡು. ಪೀಠಿಕೆ ಇಲ್ಲದೆ ನಿನ್ನ ಅವ್ವ ಬಾಯಿ ತೆರೆಯುವವಳಲ್ಲ ಎಂದು ಇಡೀ ಹಡಪಸರಕ್ಕೆ ಗೊತ್ತು. ಇವತ್ತು ಪೀಠಿಕೆ ಇಲ್ಲ. ಪರದೆ ಒಮ್ಮೆಲೇ ಮೇಲೆ ಹೋಗಲಿ.

ಸ್ವಪ್ನಿಲ್‌ನ ಬಲಗೈ ಮುರಿದವಳು ನಾನು.

ಗುಡ್ಡ ಕಡಿಯುವವರ ಗೂಂಡಾಗಳು ಮುರಿದರು ಎಂದು ಅವನು ನಿನಗೆ ಫೋನಿನಲ್ಲಿ ಹೇಳಿದ್ದಾನೆ. ನಿನ್ನ ಪಪ್ಪಾ ಹಿಂದಿನಿಂದ ಹೌದು ಹೌದು ಎಂದು ದನಿಗೂಡಿಸಿದ್ದೂ ನನ್ನ ಕಿವಿಗೆ ಬಿದ್ದಿದೆ. ಸುಳ್ಳು, ಎರಡೂ ಸುಳ್ಳು. ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, ನಾನೇ ಹೊಡೆದೆ. ಎಲುಬು ಮುರಿದ ಸದ್ದು ಕೇಳಿದೆ. ಮುಂದಿನ ತಿಂಗಳು ಅದೇ ಕೈ ನಿನ್ನ ಕೊರಳಿಗೆ ತಾಳಿ ಕಟ್ಟಬೇಕು. ಕಟ್ಟಿಸಿಕೊಳ್ಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಆದರೆ ಆ ಕೈ ಏನು ಮಾಡಿತು ಎಂದು ತಿಳಿಯದೆ ನೀನು ಮಂಟಪ ಹತ್ತುವುದನ್ನು ನಾನು ನೋಡಲಾರೆ.

ಕೇಳು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಮ್ಮ ಜೀಪ್ ಕ್ಲಬ್ಬಿನವರು ಕೊಂಢವಾ ದಾಟಿ ಬೋಪದೇವ ಘಾಟದ ಹಿಂದಿನ ಗುಡ್ಡದ ಹಾದಿಯಲ್ಲಿ ವರ್ಷವಿಡೀ ಗಾಡಿ ಹತ್ತಿಸಿ ಕೇಕೆ ಹಾಕುತ್ತೇವೆ. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಅದೇ ಹಾದಿಯ ಸೇವೆ ಮಾಡುತ್ತೇವೆ. ಚಕ್ರ ಕೊರೆದ ಕೊರಕಲು ಮುಚ್ಚುವುದು, ನೀರು ಪಕ್ಕಕ್ಕೆ ಹರಿಯಲೆಂದು ಅಡ್ಡಡ್ಡ ಕಲ್ಲಿನ ಸಾಲು ಹೂಳುವುದು, ಮುಳ್ಳುಕಂಟಿ ಕಡಿಯುವುದು. ನೀನೂ ಒಮ್ಮೆ ಬಂದು ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡಿದ್ದೆಯಲ್ಲ. ಸ್ವಪ್ನಿಲ್ ತನ್ನ ಕರವಸ್ತ್ರ ನಿನ್ನ ಕೈಗೆ ಸುತ್ತಿದ. ಬೊಬ್ಬೆ ಮಾಯ್ದಮೇಲೂ ನೀನು ಆ ಕರವಸ್ತ್ರ ತಿರುಗಿ ಕೊಡಲಿಲ್ಲ. ಆಗಲೇ ನನಗೆ ಎಲ್ಲ ಗೊತ್ತಾಗಿತ್ತು.

ಈ ಸಲ, ಮೊನ್ನೆ ಭಾನುವಾರ, ಕೊರಕಲಿಗಿಂತ ದೊಡ್ಡ ಕೆಲಸ ಕಾದಿತ್ತು. ಗುಡ್ಡದ ಆ ಬದಿಯಲ್ಲಿ ಒಬ್ಬ ಗುತ್ತಿಗೆದಾರ ಕಳ್ಳತನದಿಂದ ರಸ್ತೆಗೆ ಹಾಸುವ ಕೆಂಪು ಮುರುಮ್ ಮಣ್ಣು ಅಗೆದು ಮಾರುತ್ತಿದ್ದಾನೆ. ನಮ್ಮ ಕಣ್ಣಿಗೆ ಬೀಳಬಾರದೆಂದು ಹಾದಿಗೆ ಅಡ್ಡಲಾಗಿ ಯಂತ್ರದಿಂದ ಆಳುದ್ದ ಗುಂಡಿ ತೋಡಿಸಿಬಿಟ್ಟಿದ್ದ. ಅದನ್ನು ಕಲ್ಲು ತುಂಬಿ ಮುಚ್ಚಲೆಂದೇ ಹೋದೆವು. ಜೀಪುಗಳನ್ನು ಏರಿನ ಮೇಲೆ ಸಾಲಾಗಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಾವಿಗಳನ್ನು ಗಾಡಿಯಲ್ಲೇ ಬಿಟ್ಟೆವು. ಅದು ನಮ್ಮ ಪದ್ಧತಿ. ಹಾದಿಯ ಮೇಲೆ ಯಾರೂ ಚಾವಿ ಕಿಸೆಗೆ ಹಾಕಬಾರದು. ಯಾರಿಗಾದರೂ ಏಟಾದರೆ, ಮಣ್ಣು ಜರಿದರೆ, ಹತ್ತಿರ ಇದ್ದವನು ಹತ್ತಿರದ ಗಾಡಿ ತೆಗೆಯಬೇಕು. ಚಾವಿ ಕಿಸೆಯಲ್ಲಿ ಸಿಕ್ಕರೆ ನಮ್ಮ ಮುಖ್ಯಸ್ಥರು, ಆ ಕೋಥರೂಡದ ಅವಧೂತ ಮಾಸ್ತರರು, ಎಲ್ಲರೆದುರು ಕಿವಿ ಹಿಂಡಿದ ಹಾಗೆ ಬೈಯುತ್ತಾರೆ. ಚಾವಿ ಕಂಡ ಕಳ್ಳ ಏನು ಮಾಡಿಯಾನು ಎಂದು ಇಷ್ಟು ವರ್ಷದಲ್ಲಿ ನಮ್ಮಲ್ಲೊಬ್ಬರೂ ಯೋಚಿಸಲಿಲ್ಲ. ಗುಡ್ಡದ ಮೇಲೆ ನಮ್ಮನ್ನು ಬಿಟ್ಟು ಬೇರೆ ಜನ ಇದ್ದಾರೆ ಎಂಬುದೇ ನಮ್ಮ ತಲೆಗೆ ಹೊಳೆದಿರಲಿಲ್ಲ.

ಗುಂಡಿ ಅರ್ಧ ತುಂಬಿತ್ತು. ಕೆಳಗಿನಿಂದ ಟ್ರ್ಯಾಕ್ಟರ್ ಬಂತು. ಟ್ರಾಲಿಯ ತುಂಬ ಜನ, ಕೈಯಲ್ಲಿ ಬಡಿಗೆ, ಗುದ್ದಲಿಯ ಕಾವು, ಕಬ್ಬಿಣದ ಸಲಾಕೆ. ಮುಂದೆ ಮೋಟರ್‌ಸೈಕಲ್ ಮೇಲೆ ಅವರ ಮೇಸ್ತ್ರಿ, ಆ ಮುಕಾದಮ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಖಳನ ಪ್ರವೇಶ ಎಂದರೆ ಅದು! ಕಂಪನಿ ನಾಟಕದ ನಿನ್ನ ಅಜ್ಜ ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಅವಧೂತ ಮಾಸ್ತರರು ಕೈ ಮೇಲೆತ್ತಿ ಮರಾಠಿಯಲ್ಲಿ ಶಾಂತವಾಗಿ, ಈ ಹಾದಿ ಎಲ್ಲರದು, ಯಾರೊಬ್ಬರದ್ದಲ್ಲ ಎಂದು ಹೇಳತೊಡಗಿದರು. ಮುಕಾದಮ ಗಾಡಿಯಿಂದ ಇಳಿಯಲೂ ಇಲ್ಲ. “ರಸ್ತಾ? ಥಾಂಬ್, ದಾಖವತೋ ತುಲಾ ರಸ್ತಾ!” ಎಂದ, ತಾಳು, ನಿನಗೆ ರಸ್ತೆ ತೋರಿಸುತ್ತೇನೆ ಎಂದು. ಮಾತು ಮುಗಿಯುವುದರೊಳಗೆ ಕಲ್ಲೊಂದು ಬಂದು ಮಾಸ್ತರರ ಹುಬ್ಬು ಸೀಳಿತು. ಅವರ ಕನ್ನಡಕದ ಒಂದು ಗಾಜು ಬಿಳಿ, ಒಂದು ಕೆಂಪು.

ನಾಟಕ ಕಂಪನಿಯಲ್ಲಿ, ಪಕ್ಕದ ಪರದೆಯ ಮರೆಯಲ್ಲಿ ಕೂತು ಬೆಳೆದವಳು ನಾನು. ಎಷ್ಟು ಕೊಲೆ ನೋಡಿಲ್ಲ! ಕತ್ತಿ ಎತ್ತಿದ ಕೂಡಲೇ ತಬಲಾದವನು ಒಂದು ಪೆಟ್ಟು ಹಾಕುತ್ತಿದ್ದ, ಕತ್ತಿ ಮೈಗೆ ಒಂದು ಗೇಣು ಉಳಿಸಿ ನಿಲ್ಲುತ್ತಿತ್ತು, ಸತ್ತವನು ಪರದೆ ಬಿದ್ದಮೇಲೆ ಎದ್ದು ಚಹಾ ಕೇಳುತ್ತಿದ್ದ. ಆ ಭಾನುವಾರ ತಬಲಾ ಇರಲಿಲ್ಲ, ಶೀತಲಾ. ಮನುಷ್ಯನ ಮೈಗೆ ಬಡಿಗೆ ಬಿದ್ದರೆ ಒದ್ದೆ ಬಟ್ಟೆಯನ್ನು ಬಂಡೆಗೆ ಬಡಿದ ಸದ್ದು ಬರುತ್ತದೆ. ತಲೆಗೆ ಬಿದ್ದರೆ ಬೇರೆ ಸದ್ದು, ಅದನ್ನು ನಾನು ಬರೆಯುವುದಿಲ್ಲ.

ನನ್ನನ್ನು ಪುಣ್ಯವಂತೆ ಎಂದು ತಿಳಿಯಬೇಡ. ನನ್ನ ಕೈಯಲ್ಲಿಯೂ ಸಲಿಕೆ ಇತ್ತು. ಒಬ್ಬನ ಮೊಣಕಾಲಿಗೆ ಬೀಸಿದೆ, ಮಡಚಿ ಬಿದ್ದ. ಇನ್ನೊಬ್ಬನ ಬಾಯಿಗೆ ಸಲಿಕೆಯ ಬೆನ್ನು ತಗುಲಿತು. ಅವನು ಹಲ್ಲನ್ನು ಅಂಗೈಯಲ್ಲಿ ಉಗುಳಿಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟ. “ಬರ್ರಲೇ ಭಾಡ್ಯಾಗೋಳ, ಒಬ್ಬೊಬ್ಬನ ಬರ್ರಿ!” ಎಂದು ನಾನು ಕೂಗಿದ್ದು ಸಾಸವಡದ ತನಕ ಕೇಳಿಸಿರಬೇಕು. ಆ ಹೊತ್ತಿಗೆ ನನಗೆ ಖುಷಿಯಾಗಿತ್ತು. ಹೌದು, ಖುಷಿ. ಮೈಯೆಲ್ಲ ಕಾದ ಕಾವಲಿಯಾಗಿತ್ತು. ಸ್ವಪ್ನಿಲ್ ನನ್ನ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದ. ನನ್ನ ತಲೆಗೆ ಬೀಳಬೇಕಿದ್ದ ಸಲಾಕೆಯನ್ನು ತನ್ನ ಭುಜಕ್ಕೆ ತೆಗೆದುಕೊಂಡ. ಅದನ್ನು ಮುಚ್ಚಿಟ್ಟರೆ ನಾನು ಸುಳ್ಳಿಯಾಗುತ್ತೇನೆ. ಅವನು ಹೇಡಿಯಲ್ಲ. ನಾನು ಇವತ್ತು ಇದ್ದೇನೆ ಎಂದರೆ ಅದಕ್ಕೆ ಅವನೂ ಕಾರಣ.

ಆಗ ಮುಕಾದಮನಿಗೆ ಚಾವಿಗಳು ಕಂಡವು.

ಅವನು ಟ್ರ್ಯಾಕ್ಟರಿನವನಿಗೆ ಕೂಗಿ ಹೇಳಿದ, ಒಂದು ಜೀಪನ್ನು ತೆಗೆದು ಗುಂಡಿಗೆ ಕೆಡವು ಎಂದು. ಟ್ರ್ಯಾಕ್ಟರಿನವನು ಸಾಲಿನ ಮೊದಲನೆಯ ಗಾಡಿಗೆ ಹಾರಿ ಕೂತ. ಅದು ಸ್ವಪ್ನಿಲ್‌ನದು. ಮಿಲಿಟರಿಯವರು ಗುಜರಿಗೆ ಹಾಕಿದ್ದ ಸಾಮಾನಿನಿಂದ ಅವನೂ ನಾನೂ ನಮ್ಮ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೊಳೆಮೊಳೆ ಕೂಡಿಸಿ ಕಟ್ಟಿದ ಜೀಪು, ಮದುವೆಯ ದಿನ ನಿನ್ನನ್ನು ಅದರಲ್ಲೇ ಮನೆಗೆ ಕರೆದೊಯ್ಯಬೇಕೆಂದು ಅವನು ಹಸಿರು ಬಣ್ಣ ಹೊಡೆಸಿದ್ದ ಜೀಪು. ಹತ್ತಿದವನಿಗೆ ಅದರ ಗೇರು ತಿಳಿಯಲಿಲ್ಲ. ಇಂಜಿನ್ ಒಮ್ಮೆ ಗರ್ಜಿಸಿತು, ಗಾಡಿ ಹಿಂದಕ್ಕೆ ಜಿಗಿದು ಚಕ್ರದ ಕಲ್ಲನ್ನು ಹಾರಿಸಿಬಿಟ್ಟಿತು. ಅವನು ಹೆದರಿ ಹೊರಗೆ ಧುಮುಕಿದ. ಮುಂದಿನ ಚಕ್ರ ಅವನ ಕಣಕಾಲಿನ ಮೇಲೆ ಹಾದು ಹೋಯಿತು. ಜೀಪು ಪಲ್ಟಿ ಹೊಡೆಯುತ್ತ ಕೆಳಗಿನ ಕಮರಿಗೆ ಬಿದ್ದು, ನಾಲ್ಕೂ ಚಕ್ರ ಆಕಾಶಕ್ಕೆ ಮಾಡಿ ತಿರುಗುತ್ತಲೇ ಇತ್ತು.

ಎಲ್ಲರೂ ನಿಂತರು. ಬಡಿಗೆಗಳು ಕೆಳಗೆ ಬಂದವು. ಮುಕಾದಮ ಮೋಟರ್‌ಸೈಕಲ್ ತಿರುಗಿಸಿ ಪರಾರಿ. ಅವನ ಜನ ಕಂಟಿಯೊಳಗೆ ನುಗ್ಗಿ ಓಡಿದರು. ಜಗಳ ಮುಗಿದಿತ್ತು, ಶೀತಲಾ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಜಗಳ ಮುಗಿದಿತ್ತು. ಬಿದ್ದವನೊಬ್ಬನೇ ಧೂಳಿನಲ್ಲಿ ಹೊರಳುತ್ತಿದ್ದ.

ಆಮೇಲೆ ಸ್ವಪ್ನಿಲ್ ಬಂದ. ಓಡಿ ಬರಲಿಲ್ಲ, ನಡೆದು ಬಂದ. ನನ್ನ ಜೀಪಿನ ಹತ್ತಿರ ಹೋಗಿ, ಜಾಕಿನ ಉದ್ದನೆಯ ಕಬ್ಬಿಣದ ಹಿಡಿಕೆಯನ್ನು ಕೊಕ್ಕೆಯಿಂದ ಬಿಚ್ಚಿದ, ಕೊಕ್ಕೆಯನ್ನು ಮತ್ತೆ ಹಾಕಿದ. ಮೊದಲ ಏಟು ಚಕ್ರ ಹಾದುಹೋದ ಕಾಲಿನ ಮೇಲೇ ಬಿತ್ತು. ಎರಡನೆಯದೂ ಅಲ್ಲೇ. ಬಿದ್ದವನು ಕಿರುಚಿದ. ಯಾವ ಭಾಷೆಯಲ್ಲಿ ಕಿರುಚಿದ ಗೊತ್ತೇನು? “ಯವ್ವಾ! ಸತ್ನೆವ್ವಾ! ಬಿಡ್ರೀ ಯಪ್ಪಾ, ಕೂಲಿಗಿ ಕರ್ಕೊಂಡ್ ಬಂದಾರ್ರೀ ನಮ್ಮನ್ನ, ಕೈ ಮುಗೀತೀನ್ರೀ!” ನಮ್ಮ ಕನ್ನಡ. ಯಾದಗಿರಿ ಕಡೆಯ ಕನ್ನಡ. ಕ್ಲಬ್ಬಿನ ಮರಾಠಿ ಮಂದಿಗೆ ಅದು ಬರೀ ಅರಚಾಟ. ತಿಳಿದದ್ದು ಇಬ್ಬರಿಗೆ ಮಾತ್ರ, ನನಗೆ ಮತ್ತು ಸ್ವಪ್ನಿಲ್‌ಗೆ.

ಅವನು ಒಂದು ಗಳಿಗೆ ನಿಂತ. ಅವನಿಗೆ ಕೇಳಿಸಿತು, ಇನ್ನು ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ಬಗ್ಗಿ ಆ ಮನುಷ್ಯನಿಗೆ ನಮ್ಮ ಕನ್ನಡದಲ್ಲೇ ಹೇಳಿದ, “ತಿಳೀತು. ಭಾಳ ಚಲೋ ತಿಳೀತು.” ಮತ್ತೆ ಹೊಡೆದ.

ಕ್ಲಬ್ಬಿನವರು ಕಂಬಗಳ ಹಾಗೆ ನಿಂತಿದ್ದರು. ನಾನು ಓಡಿದೆ. “ಬಿಡೋ ಸ್ವಪ್ನಿಲ್ಲಾ! ಬಿಟ್ಟುಬಿಡೋ!” ಎಂದು ಕೂಗಿದೆ. ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳುವ ದನಿ ನನ್ನದು, ಎರಡು ಮೊಳ ದೂರದಲ್ಲಿದ್ದವನಿಗೆ ಕೇಳದೆ ಇರುತ್ತದೆಯೆ? ಅವನು ನನ್ನತ್ತ ತಿರುಗಿದ. ನಮ್ಮ ಮನೆಯ ಪಡಸಾಲೆಯಲ್ಲಿ ಚಹದ ಕಪ್ಪು ಹಿಡಿದು ನಗುತ್ತಾನಲ್ಲ, ಅದೇ ನಗು. “ಅತ್ತೀ, ನೀವು ಸ್ವಲ್ಪ ಆ ಕಡೆ ಸರೀರಿ, ನಿಮ್ಮ ಬಟ್ಟಿಗೆ ಸಿಡೀತದ” ಎಂದ. ಹಿಡಿಕೆಯನ್ನು ಎತ್ತಿದ. ಈ ಸಲ ಅದು ಕಾಲಿಗೆ ಎತ್ತಿದ್ದಲ್ಲ. ತಲೆಗೆ.

ನಾನು ಹೊಡೆದೆ.

ಹಿಡಿಕೆ ಬಂಡೆಯ ಮೇಲೆ ಬಿದ್ದು ಗಣಗಣ ಎಂದಿತು. ಅವನು ಕೈ ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ನನ್ನನ್ನು ಬೈಯಲಿಲ್ಲ, ನೋವೆನ್ನಲಿಲ್ಲ. ಬಿದ್ದವನ ರಕ್ತ ಹರಿದು ತನ್ನ ಬೂಟಿನ ತನಕ ಬಂದಿದ್ದರೂ ಅತ್ತ ನೋಡಲಿಲ್ಲ. “ನನ್ನ ಗಾಡಿ ನೋಡ್ರಿ ಅತ್ತೀ” ಎಂದು ಕಮರಿಯ ಕಡೆ ನೋಡುತ್ತ ಅತ್ತ.

ಆ ಮನುಷ್ಯನ ಹೆಸರು ಲಾಲಪ್ಪ. ಅವನನ್ನು ನನ್ನ ಜೀಪಿನ ಹಿಂದೆ ಮಲಗಿಸಿ, ನನ್ನ ಓಢಣಿಯಿಂದ ತೊಡೆ ಬಿಗಿದು, ಇಳಿಜಾರಿನಲ್ಲಿ ನಾನು ಹೇಗೆ ಗಾಡಿ ಬಿಟ್ಟೆನೋ ನನಗೇ ನೆನಪಿಲ್ಲ. ಪ್ರತಿ ಕಲ್ಲಿಗೂ ಅವನು ಕೂಗುತ್ತಿದ್ದ, ಪ್ರತಿ ಕೂಗಿಗೂ ನಾನು “ಬಂತಪ್ಪಾ, ಬಂತು, ಡಾಂಬರ ರಸ್ತೆ ಬಂತು” ಎಂದು ಸುಳ್ಳು ಹೇಳುತ್ತಿದ್ದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮರುದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಚಕ್ರದಿಂದ ಮುರಿದದ್ದನ್ನು ಕೂಡಿಸಬಹುದಿತ್ತು, ಆಮೇಲೆ ಬಿದ್ದ ಏಟುಗಳಿಂದ ಎಲುಬು ಪುಡಿಯಾಗಿದೆ. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಅವನ ಹೆಂಡತಿ ಸಾಬವ್ವ ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಸಿಮೆಂಟು ಮೆತ್ತಿದ ಸೀರೆಯಲ್ಲೇ ಬಂದಿದ್ದಳು. ನನ್ನ ಮಾತು ಕೇಳಿ, “ನೀವು ನಮ್ಮ ಕಡ್ಯಾವ್ರೇನ್ರೀ ಅಕ್ಕಾ?” ಎಂದು ನನ್ನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೇಳಿದಳು, “ಹೊಡದಾಂವ ನಿಮ್ಮಾಂವ ಏನ್ರೀ?”

ಜೀವಮಾನವೆಲ್ಲ ಮಾತಿನಲ್ಲಿ ಸೋಲದ ನಿನ್ನ ಅವ್ವ ಅಲ್ಲಿ ತೊದಲಿದಳು. “ಇನ್ನೂ ಆಗಿಲ್ಲವ್ವಾ” ಎಂದೆ.

ಆಕೆ ನನ್ನ ಕೈ ಬಿಟ್ಟಳು.

ಮಂಗಳವಾರ ಅವಧೂತ ಮಾಸ್ತರರ ಮನೆಯಲ್ಲಿ ಕ್ಲಬ್ಬು ಕೂಡಿತು. ತಲೆಗೆ ಪಟ್ಟಿ, ಕೊರಳಿನ ಜೋಳಿಗೆಯಲ್ಲಿ ತೂಗುವ ಕೈ, ಒಬ್ಬೊಬ್ಬರದೂ ಒಂದೊಂದು ವೇಷ. ಪೊಲೀಸರು ಎಲ್ಲರ ಹೇಳಿಕೆ ಕೇಳಿದ್ದಾರೆ. ಎಲ್ಲರೂ ಸೇರಿ ಒಂದು ಮಾತು ಕಟ್ಟಿದರು: ಲಾಲಪ್ಪನ ಕಾಲು ಹೋದದ್ದು ಜೀಪಿನ ಚಕ್ರದಿಂದ, ಜೀಪು ಹತ್ತಿದ್ದು ಅವನದೇ ತಪ್ಪು, ಹೊಡೆದದ್ದನ್ನು ಯಾರೂ ಕಂಡಿಲ್ಲ. ಮಾಸ್ತರರು ನನ್ನ ಮುಖ ನೋಡದೆ, “ಕಾಕೂ, ಆಪಲಾಚ್ ಮುಲಗಾ ಆಹೇ” ಎಂದರು. ನಮ್ಮದೇ ಹುಡುಗ! ನಾನು ಎದ್ದು ನಿಂತೆ. ನನ್ನ ಕಣ್ಣು ನನ್ನ ಮುಖದಲ್ಲೇ ಇದ್ದವು ಮಾಸ್ತರರೇ, ನಾನು ಕಂಡಿದ್ದೇನೆ ಎಂದೆ. ಆ ಮನೆಯಲ್ಲಿ ನನಗೆ ಚಹಾ ಬರಲಿಲ್ಲ.

ನಿನ್ನ ಪಪ್ಪಾ ಮೃದು ಮನುಷ್ಯ. ಜೀಪಿನ ಬಿಡಿಭಾಗ ಮಾರುತ್ತಾರೆ, ಜೀಪು ಹತ್ತುವುದಿಲ್ಲ. “ಶಿವಕಾಂತಾ, ಲಗ್ನಪತ್ರ ಹಂಚೇವಿ. ಇಷ್ಟಕ್ಕೂ ಸಿಟ್ಟು ಯಾರಿಗಿ ಬರೂದಿಲ್ಲ ಹೇಳು? ನಿನಗ ಬಂದಿಲ್ಲೇನು?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಎರಡು ದಿನ ನಾನು ಅದನ್ನೇ ಜಗಿಯುತ್ತಿದ್ದೇನೆ. ನನಗೂ ಬಂದಿತ್ತು. ನಾನೂ ಹಲ್ಲು ಉದುರಿಸಿದ್ದೇನೆ. ಆದರೆ ಎದುರಿಗಿದ್ದವನು ಬಿದ್ದಾಗ ನನ್ನ ಸಲಿಕೆ ತಾನೇ ಕೆಳಗೆ ಬಂತು.

ನಿನ್ನೆ ಸ್ವಪ್ನಿಲ್ ಮನೆಗೆ ಬಂದಿದ್ದ. ಕೈಗೆ ಪ್ಲಾಸ್ಟರು. ನಾನು ಅವನಿಗೆ ಊಟಕ್ಕೆ ಬಡಿಸಿದೆ. ಎಡಗೈಯಲ್ಲಿ ರೊಟ್ಟಿ ಮುರಿಯಲು ಬರಲಿಲ್ಲ, ಮುರಿದು ಕೊಟ್ಟೆ. ನನಗೆ ಕಾಮಾಲೆಯಾದಾಗ ತಿಂಗಳುಗಟ್ಟಲೆ ಕಬ್ಬಿನ ಹಾಲು ತಂದುಕೊಟ್ಟವನು ಅವನು, ನೀನು ಮರೆತರೂ ನಾನು ಮರೆತಿಲ್ಲ. “ಗಾಡಿ ಹೋತಂತ ತಲಿ ತಿರಗ್ತು ಅತ್ತೀ. ಏನ್ ಮಾಡ್ಲಿಕ್ಕತ್ತೀನಿ ಅಂಬೂದು ನನಗ ಗೊತ್ತಿರ್ಲಿಲ್ಲ” ಎಂದ.

“ತಲಿ ತಿರಗಿದಾಂವ ಬಟ್ಟಿಗೆ ಸಿಡೀತದ, ಸರೀರಿ ಅಂತಾನೇನೋ?” ಎಂದು ಕೇಳಿದೆ.

ಅವನು ತಟ್ಟೆ ನೋಡುತ್ತ ಕೂತ. ರೊಟ್ಟಿ ಆರಿತು.

ಶೀತಲಾ, ಕುಡಿದವನ ಏಟನ್ನು ಮರುದಿನ ಮರೆಯುವ ಹೆಂಗಸರನ್ನು ನಾನು ಕಂಪನಿಯಲ್ಲಿ ಬಹಳ ನೋಡಿದ್ದೇನೆ. ಇವನು ಕುಡಿದಿರಲಿಲ್ಲ. ಕೊಕ್ಕೆ ಬಿಚ್ಚಿ ಮತ್ತೆ ಹಾಕಿದವನು. ಬೇಡಿಕೊಂಡದ್ದು ಕೇಳಿಸಿಕೊಂಡವನು. ನನ್ನ ಹೆದರಿಕೆ ಅದೇ. ನಾಳೆ ನಿನ್ನ ಕೈಯಿಂದ ಅವನಿಗೆ ಪ್ರೀತಿಯದು ಏನಾದರೂ ಒಡೆಯುತ್ತದೆ. ಮನೆ ಎಂದಮೇಲೆ ಒಡೆಯದೆ ಇರುತ್ತದೆಯೆ? ಆಗ ನಿನ್ನ ಪಕ್ಕದಲ್ಲಿ ಸಲಿಕೆ ಹಿಡಿದು ನಾನು ನಿಂತಿರುವುದಿಲ್ಲ.

ಬೇಡ ಎನ್ನು ಎಂದು ನಾನು ಹೇಳುವುದಿಲ್ಲ. ಬೇಡ ಎಂದರೆ ಮಂಟಪ ಕಿತ್ತು ಬರುವ ಧೈರ್ಯ ನನಗಿದೆ. ಹೂಂ ಎಂದರೆ ಅಕ್ಷತೆ ಹಾಕುವ ಕೈಯೂ ಇದೆ. ಸೋಮವಾರ ಠಾಣೆಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನನ್ನ ಸಲಿಕೆಯ ಏಟುಗಳನ್ನೂ ಹೇಳುತ್ತೇನೆ. ಅದು ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ಸಾಬವ್ವನ ಮುಂದೆ ಇನ್ನೊಮ್ಮೆ ತೊದಲಲು ನನ್ನಿಂದ ಆಗದು.

ಹೊತ್ತಿಗೆ ಸರಿಯಾಗಿ ಉಣ್ಣು. ಅಳುವುದಾದರೆ ಊಟವಾದಮೇಲೆ ಅಳು.

ನಿನ್ನನ್ನು ಹೆತ್ತವಳು, ನಿನ್ನ ಮೇಲೆ ಕೂಗುವವಳು, ನಿನಗಾಗಿ ಕೂಗುವವಳು,
ಅವ್ವ
(ಶಿವಕಾಂತಾ)

ತಾಜಾ ಕಲಂ: ಲಕೋಟೆಯ ಮೇಲೆ ಅಂಚೆಯ ಮುದ್ರೆ ಹುಡುಕಬೇಡ, ಇಲ್ಲ. ಶನಿವಾರ ಸ್ವಪ್ನಿಲ್ ನಿನ್ನನ್ನು ನೋಡಲು ಕೊಲ್ಹಾಪುರದ ಬಸ್ಸು ಹತ್ತುತ್ತಾನೆ, ಈ ಪತ್ರವನ್ನು ಅವನ ಕೈಗೇ ಕೊಡುತ್ತೇನೆ ಎಂದು ನಿನ್ನೆಯೇ ಅವನಿಗೆ ಹೇಳಿದ್ದೇನೆ. ಏನೇನು ಬರೆಯುತ್ತೇನೆ ಎಂಬುದನ್ನೂ ಹೇಳಿದ್ದೇನೆ. “ಪೂರಾ ಬರೀತೀರೇನ್ರಿ ಅತ್ತೀ?” ಎಂದು ಕೇಳಿದ. “ಪೂರಾ” ಎಂದೆ. “ಕೊಡ್ರಿ, ಒಯ್ತೀನಿ” ಎಂದ. ಕರಾಡದ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಹೊಳೆಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಇದನ್ನು ನೀನು ಓದುತ್ತಿದ್ದೀ ಎಂದರೆ ಅವನು ಎಸೆಯಲಿಲ್ಲ. ಅವನ ಪಾಲಿಗೆ ಇದೊಂದನ್ನು ನಾನು ಸಂತೋಷದಿಂದ ಬರೆಯುತ್ತೇನೆ.

ಆದರೆ ಅವನು ಓದಿದ್ದು ಮರಾಠಿ ಶಾಲೆಯಲ್ಲಿ. ಮಾತು ಬರುತ್ತದೆ, ನಮ್ಮ ಅಕ್ಷರ ಬರುವುದಿಲ್ಲ. ಈಗ ನಿನ್ನೆದುರು ಕೂತಿದ್ದರೆ, ಏಳಬೇಡ ಎನ್ನು. ಮೊದಲ ಹಾಳೆಗೆ ಹೋಗಿ ಗಟ್ಟಿಯಾಗಿ ಓದು, ಒಂದು ಅಕ್ಷರ ಬಿಡದೆ. ಲಾಲಪ್ಪ ಬೇಡಿಕೊಳ್ಳುವ ಕಡೆ ಬಂದಾಗ ಓದು ನಿಲ್ಲಿಸು. ತಲೆ ಎತ್ತಿ ಅವನ ಮುಖ ನೋಡು.